ಹುಲ್ಲಿನ ಸುತ್ತ ಎಳೆದ ರಂಗೋಲಿ

ಕೆಂಗೇರಿ ಉಪನಗರದ ನಮ್ಮ ಮನೆಯೆದುರಿನ ಪಾರ್ಕಿನಲ್ಲಿ ಹುಲ್ಲು ಸವೆದು ಓರೆಯಾಗಿ ಒಂದು ಕಾಲುದಾರಿ ಬಿದ್ದಿದೆ. ಪಕ್ಕದಲ್ಲೇ 'ಹುಲ್ಲು ತುಳಿಯಬೇಡಿ' ಎಂಬ ಬೋರ್ಡು. ಜನ ಬೋರ್ಡಿಗೆ ಮೈ ತಾಗದಂತೆ ಸರಿದು, ಹುಲ್ಲು ತುಳಿಯುತ್ತಾರೆ. ನಾನು ಕಿಟಕಿಯಲ್ಲಿ ನಿಂತು ಬೈಯುತ್ತೇನೆ. ಇವತ್ತು ಬೆಳಿಗ್ಗೆ ಇಬ್ಬನಿಗೆ ನೆನೆದ ಆ ಬೋಳು ಮಣ್ಣಿನ ವಾಸನೆ ಒಳಗೆ ಬಂತು ನೋಡಿ, ಬೈಗುಳ ಮರೆತು ನಮ್ಮ ಅತ್ತಿಗೆ ನೆನಪಾದರು.

ಎಪ್ಪತ್ತರ ದಶಕದಲ್ಲಿ ನಾನೂ ಅಣ್ಣನ ಹೆಂಡತಿ ಗೌರಮ್ಮನವರೂ ಕಾಮಾಕ್ಷಿಪಾಳ್ಯದಿಂದ ಮೊದಲ ಬಸ್ಸು ಹಿಡಿದು ಗಾಲ್ಫ್ ಮೈದಾನಕ್ಕೆ ಕೂಲಿಗೆ ಹೋಗುತ್ತಿದ್ದೆವು. ಚಳಿಗಾಲದಲ್ಲಿ ಮೊದಲ ಕೆಲಸ, ಉದ್ದನೆಯ ಬಿದಿರಿನಿಂದ ಹುಲ್ಲಿನ ಮೇಲಿನ ಇಬ್ಬನಿ ಸವರಿ ಉದುರಿಸುವುದು. ಇಲ್ಲದಿದ್ದರೆ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ನಾನು ಗಟ್ಟಿಗಿತ್ತಿ ಎಂದುಕೊಂಡಿದ್ದೆ. ಮೈದಾನ ಒಣಗುವಷ್ಟರಲ್ಲಿ ನನ್ನ ಸೀರೆ ಹಿಂಡುವ ಹಾಗಾಗಿರುತ್ತಿತ್ತು.

ಒಂದು ವರ್ಷ ಆಟಗಾರರು ಅಡ್ಡದಾರಿ ಹಿಡಿದು ಒಂದು ಕಡೆ ಹುಲ್ಲು ಪೂರಾ ಸವೆಯಿತು. ದೊಡ್ಡ ಪಂದ್ಯ ಬರುವಷ್ಟರೊಳಗೆ ಅಲ್ಲಿ ಹಸಿರು ಬರದಿದ್ದರೆ ಚಪ್ಪಡಿ ಹಾಸಿ, ಹುಲ್ಲು ನೋಡಿಕೊಳ್ಳುವ ಹೆಣ್ಣಾಳುಗಳನ್ನೆಲ್ಲ ಕೆಲಸದಿಂದ ಬಿಡಿಸುತ್ತಾರೆ ಎಂದು ಮೇಸ್ತ್ರಿ ಹೇಳಿದ. ಅತ್ತಿಗೆ ಮಣ್ಣು ಸಡಿಲಿಸಿ, ಗರಿಕೆಯ ಬೇರುತುಂಡುಗಳನ್ನು ಚುಕ್ಕಿ ಇಟ್ಟ ಹಾಗೆ ನೆಟ್ಟು, ಜರಡಿ ಹಿಡಿದ ಮರಳು, ಗೊಬ್ಬರ ಉದುರಿಸಿದರು. ಚಳಿಯಲ್ಲಿ ಹುಲ್ಲು ನಿಧಾನ. ಚಿಗುರುವ ಮೊದಲೇ ಆಟಗಾರರ ಮೊಳೆ ಬೂಟುಗಳು ತುಳಿದವು. ಹಗ್ಗ ಕಟ್ಟಿದರೆ ಅದನ್ನೂ ದಾಟಿದರು.

ಮರುದಿನ ಅತ್ತಿಗೆ ಮನೆಯಿಂದ ರಂಗೋಲಿ ಡಬ್ಬಿ ತಂದು, ನೆಟ್ಟ ಜಾಗದ ಸುತ್ತ ಬಳ್ಳಿ ಎಳೆದರು.

"ಏನ್ ಗೌರಮ್ಮ, ಇಲ್ಲಿ ಯಾರ ಮದುವೆ?" ಎಂದ ಮೇಸ್ತ್ರಿ.

"ಹುಲ್ಲಿಂದು ಕಣಣ್ಣ. ನೀವು ಗಂಡಿನ ಕಡೆಯೋರು, ಚಪ್ಪಲಿ ಆಚೆ ಬಿಟ್ಟು ಬನ್ನಿ."

ರಂಗೋಲಿ ಕಂಡರೆ ನಮ್ಮ ನಿಮ್ಮ ಕಾಲು ತಾನಾಗಿ ಸರಿಯುತ್ತದಲ್ಲ, ಆ ಬೂಟುಗಳೂ ಸರಿದವು. ಇಬ್ಬನಿಗೆ ಗೆರೆ ಅಳಿಸಿದರೆ ಅತ್ತಿಗೆ ದಿನವೂ ಮತ್ತೆ ಎಳೆದರು.

ಒಂದು ಬೆಳಿಗ್ಗೆ ಚೆಂಡೊಂದು ಬಂದು ರಂಗೋಲಿಯ ಒಳಗೇ ಬಿತ್ತು. ಹಿಂದೆಯೇ ಟೋಪಿ ಹಾಕಿದ ಯಜಮಾನರೊಬ್ಬರು ಗಾಲ್ಫ್ ಕೋಲು ಹಿಡಿದು ಬಂದರು. ಒಂದು ಏಟು ಬಿದ್ದರೆ ಚಿಗುರು ಮಣ್ಣುಪಾಲು. ಅತ್ತಿಗೆ ಬರಿಗಾಲಲ್ಲಿ ಮೆಲ್ಲಗೆ ಒಳಗೆ ಹೋಗಿ ಚೆಂಡು ಎತ್ತಿ, ಸೆರಗಿನಲ್ಲಿ ಒರೆಸಿ, ಎರಡೂ ಕೈಯಿಂದ ಅವರಿಗೆ ಕೊಟ್ಟರು. ಆ ಆಟದಲ್ಲಿ ಬಿದ್ದ ಚೆಂಡನ್ನು ಬೇರೆಯವರು ಮುಟ್ಟಲೇಬಾರದು.

"ಚೆಂಡು ಯಾಕಮ್ಮ ಮುಟ್ಟಿದೆ?"

"ಹುಲ್ಲು ಈಗ ಕಣ್ ಬಿಡ್ತಾ ಇದೆ ಸಾರ್. ಚೆಂಡಿಗಾದ್ರೆ ನೋವಾಗಲ್ಲ."

ಅವರು ಬಗ್ಗಿ ಚಿಗುರು ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗನ್ನಿಸಿತು. ಆಮೇಲೆ ನಕ್ಕು, ಚೆಂಡನ್ನು ಗೆರೆಯ ಆಚೆ ಇಟ್ಟು ಹೊಡೆದರು. ಅಂದಿನಿಂದ ಅಲ್ಲಿ ಬಿದ್ದ ಚೆಂಡನ್ನು ಎಲ್ಲರೂ ಹಾಗೇ ಆಚೆ ಇಟ್ಟು ಆಡಿದರು.

ಪಂದ್ಯದ ಬೆಳಿಗ್ಗೆ ಅತ್ತಿಗೆ ರಂಗೋಲಿ ಎಳೆಯಲಿಲ್ಲ. ಆ ಜಾಗದ ಮೇಲೆ ಯಾರೋ ನಡೆದುಹೋದರು, ಹುಲ್ಲು ಬಗ್ಗಿ, ಮತ್ತೆ ಎದ್ದಿತು. ನಮ್ಮಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ. ಸಂಜೆ ಬಸ್ಸಿನಲ್ಲಿ, ಏನೂ ವಿಚಾರಿಸದಿದ್ದ ಕಂಡಕ್ಟರಿಗೂ ನಾನು ಹೇಳಿದ್ದೆ, "ನಮ್ಮ ಅತ್ತಿಗೆ ಕಣ್ರೀ ಇವರು."

ಇವತ್ತು ಕಿಟಕಿ ಬಿಟ್ಟು ಪಾರ್ಕಿಗೆ ಇಳಿದೆ. ಗರಿಕೆ ನೆಟ್ಟು ಸುತ್ತ ರಂಗೋಲಿ ಎಳೆದೆ. ನನ್ನ ಬಳ್ಳಿ ಸೊಟ್ಟ. ಫೋನ್ ನೋಡುತ್ತಾ ಬಂದ ಒಬ್ಬರು ಎತ್ತಿದ ಕಾಲನ್ನು ಹಾಗೇ ತಡೆದು ನಿಂತರು.

"ಏನ್ ಹಬ್ಬ ಆಂಟಿ ಇವತ್ತು?"

"ನಮ್ಮ ಅತ್ತಿಗೇದು," ಎಂದೆ.

ಅವರು ಸುತ್ತು ಹಾಕಿಕೊಂಡು ಹೋದರು.