ಉಗುರಿನ ನೆಪ

ಮೊನ್ನೆ ಮೊಮ್ಮಗನ ಕಬಡ್ಡಿ ಚೀಲದಲ್ಲಿ ಉಗುರು ಕತ್ತರಿ ಹುಡುಕುವಾಗ ಒಂದು ಮಾತ್ರೆಯ ಹಾಳೆ ಕೈಗೆ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ನೆನಪಾದವರು ಬೆಳ್ಳಾರೆಯ ಡ್ರಿಲ್ ಮಾಸ್ಟ್ರು...

ಅರವತ್ತರ ದಶಕದಲ್ಲಿ ನಮ್ಮ ಕಡೆಯ ಕಬಡ್ಡಿ ಪಂದ್ಯಗಳಿಗೆಲ್ಲ ಅವರೇ ಅಂಪೈರು. ಮೈಗೆ ಎಣ್ಣೆ ಹಚ್ಚಿ ಬಂದರೆ ಎದುರಾಳಿಯ ಹಿಡಿತ ಜಾರುತ್ತದಲ್ಲ, ಅದಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಗಲ ಮೇಲಿನ ಒಣ ಬೈರಾಸಿನಿಂದ ತೋಳು, ತೊಡೆ, ಎದೆ ಉಜ್ಜಿ ನೋಡುತ್ತಿದ್ದರು. ಬಳಿಕ ಉಗುರು; ಉದ್ದ ಇದ್ದವನು ಆಟದಿಂದ ಹೊರಗೆ. ನೆಂಟ, ಶಿಷ್ಯ ಎಂದು ಯಾರಿಗೂ ರಿಯಾಯಿತಿ ಇರಲಿಲ್ಲ. ಅವರ ಬಾಯಿಂದ ಸುಳ್ಳು ತೀರ್ಪು ಬಂದದ್ದನ್ನು ನಾನು ಕೇಳಿರಲಿಲ್ಲ.

ಅಂದು ಪುತ್ತೂರಿನಲ್ಲಿ ಫೈನಲ್. ರಾಜ್ಯ ತಂಡಕ್ಕೆ ಆರಿಸುವವರು ಬಂದಿದ್ದರು. ನಮ್ಮ ಸುಳ್ಯ ತಂಡದ ದೊಡ್ಡ ರೈಡರ್ ನನ್ನ ಅಣ್ಣ. ಲಾರಿ ಓಡಿಸುವವರು ನಿದ್ದೆ ಬಾರದಿರಲೆಂದು ನುಂಗುವ ಗುಳಿಗೆಯನ್ನು ಯಾರಿಂದಲೋ ತಂದು ನುಂಗಿದ್ದ.

"ಇವತ್ತು ನನ್ನನ್ನು ಹಿಡಿಯುವವ ಯಾರುಂಟು ನೋಡುವ" ಎಂದು ನಗುತ್ತಿದ್ದ. ದವಡೆ ಬಿಗಿದಿತ್ತು, ಕಣ್ಣು ಮಿಟುಕುತ್ತಿರಲಿಲ್ಲ.

ಮಾಸ್ಟ್ರ ಬೈರಾಸು ಅವನ ಎದೆಯ ಮೇಲೆ ನಿಂತುಬಿಟ್ಟಿತು. ಅದನ್ನು ಸರಿಸಿ ಅಂಗೈ ಇಟ್ಟು ಎದೆಬಡಿತ ನೋಡಿದರು.

"ಎಂತ ತಿಂದದ್ದು ಮಾರಾಯ ನೀನು?"

ಅಣ್ಣ ಮತ್ತೂ ನಕ್ಕ. ನಾನು ಗುಳಿಗೆಯ ವಿಷಯ ಹೇಳಿಬಿಟ್ಟೆ. ಕ್ಯಾಪ್ಟನ್ ನನ್ನ ಮೇಲೆ ಉರಿದುಬಿದ್ದು, ಗುಳಿಗೆ ತಿನ್ನಬಾರದೆಂದು ಯಾವ ನಿಯಮದಲ್ಲಿ ಉಂಟು ಎಂದು ಮಾಸ್ಟ್ರನ್ನು ಕೇಳಿದ. ನಿಜಕ್ಕೂ ಇರಲಿಲ್ಲ. ಎಣ್ಣೆಗೆ ನಿಯಮ ಇತ್ತು, ಉಗುರಿಗೆ ಇತ್ತು. ಎದೆಯೊಳಗಿನದ್ದಕ್ಕೆ ಇರಲಿಲ್ಲ...

ಮಾಸ್ಟ್ರು ಬೈರಾಸನ್ನು ಹೆಗಲಿಗೆ ಹಾಕಿದರು. ಆಮೇಲೆ ಅಣ್ಣನ ಕೈ ಎತ್ತಿ ನೋಡಿದರು.

"ಉಗುರು ಉದ್ದ ಉಂಟು. ಹೊರಗೆ ಕೂತ್ಕೊ."

ಅವನ ಉಗುರನ್ನು ಬೆಳಿಗ್ಗೆ ನಾನೇ ಚರ್ಮದ ತನಕ ಕತ್ತರಿಸಿದ್ದೆ.

ನಾವು ಸೋತೆವು. ದುಡ್ಡು ತಿಂದವ ಎಂದು ಜನ ಮಾಸ್ಟ್ರಿಗೆ ಬಾಯಿಗೆ ಬಂದಂತೆ ಬೈದರು. ಆಟ ಮುಗಿದು ನಾನು ಅಂಕಣದಿಂದ ಓಡಿ ಬಂದಾಗ ಅಣ್ಣ ಗೋಡೆಗೆ ಒರಗಿ ನಡುಗುತ್ತಿದ್ದ. ಕತ್ತಲಾಗುವ ತನಕ ಆ ಎದೆಬಡಿತ ಇಳಿಯಲಿಲ್ಲ. ಕೂತಲ್ಲೇ ಹೀಗಾದರೆ, ಆಡಿದ್ದರೆ? ಅಣ್ಣ ಸತ್ತೇ ಹೋಗುತ್ತಾನೆಂದು ಹೆದರಿ ಅವನ ಎದೆಯಿಂದ ಕೈ ತೆಗೆಯದೆ ಕೂತಿದ್ದೆ.

ಅಣ್ಣ ಬದುಕಿದ. ಆದರೆ ರಾಜ್ಯ ತಂಡ ತಪ್ಪಿಸಿದರೆಂದು ಮಾಸ್ಟ್ರ ಮುಖ ಮತ್ತೆ ನೋಡಲಿಲ್ಲ. ಅವರನ್ನು ಯಾರೂ ಅಂಪೈರಿಂಗಿಗೆ ಕರೆಯಲೂ ಇಲ್ಲ. ಈಗ ಇಬ್ಬರೂ ಇಲ್ಲ...

ಈಗ ನಿಯಮಗಳು ಬಂದಿವೆ, ಮೂತ್ರ ಪರೀಕ್ಷೆಯೂ ಇದೆಯಂತೆ. ಹೊಸ ಮಾತ್ರೆಗಳು ನಿಯಮಗಳಿಗಿಂತ ಬೇಗ ಬರುತ್ತಿವೆ. ಮೊಮ್ಮಗ ಬಂದವನೇ ಹಾಳೆಯನ್ನು ಕಿತ್ತುಕೊಂಡ.

"ಇದಕ್ಕೆ ನಿಷೇಧ ಎಲ್ಲ ಇಲ್ಲ ಅಜ್ಜ."

ನಾನು ಅವನ ಎದೆಯ ಮೇಲೆ ಅಂಗೈ ಇಟ್ಟೆ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ, ಅವನ ಎದೆಬಡಿತ ನನಗೆ ತಿಳಿಯಲೇ ಇಲ್ಲ. ಮಾಸ್ಟ್ರು ಇರಬೇಕಿತ್ತು.