ಸರೌಂಡ್ ಸ್ಪೀಕರು ಮತ್ತು ನನ್ನ ಒಂದೇ ಕಿವಿ

“ಕಣ್ ಮುಚ್ಕೊಳಿ ಅತ್ಗೆ. ಈಗ ನೋಡಿ, ಎಲಿಕಾಪ್ಟ್ರು ನಿಮ್ಮ ತಲೆ ಮೇಲೇ ಓಯ್ತದೆ.”

ಮುಚ್ಚಿಕೊಂಡೆ. ಹೆಲಿಕಾಪ್ಟರು ಎಲ್ಲಿಂದಲೋ ಹೊರಟಿತು. ಹತ್ತಿರ ಬಂತು, ಜೋರಾಯಿತು. ಆಮೇಲೆ ಯಾರೋ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಮಂಕಾಯಿತು.

“ಹೋಯ್ತಾ?” ಎಂದೆ.

“ಎಲ್ಲೋಯ್ತದೆ? ನಿಮ್ಮ ಎಡಗಿವಿ ಪಕ್ಕದಲ್ಲೇ ಬಡ್ಕೊಳ್ತಾ ನಿಂತದೆ!”

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡ. ನನಗೆ ಎಡಗಿವಿ ಇಲ್ಲ ಎನ್ನುವುದು ಅವನಿಗೆ ಆಗ ನೆನಪಾಯಿತು. (ಕಿವಿ ಇದೆ. ಅದಕ್ಕೊಂದು ಓಲೆಯೂ ಇದೆ. ಕೇಳುವುದಿಲ್ಲ, ಅಷ್ಟೇ.)

ಇವನು ಸಿದ್ದರಾಜು, ನನ್ನ ಮೈದುನ. ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಟಿವಿ, ಡಿವಿಡಿ ಪ್ಲೇಯರ್ ಮಾರುವ ಅಂಗಡಿ ಇಟ್ಟಿದ್ದಾನೆ. ನಂಜನಗೂಡಿನ ನಮ್ಮ ಮನೆಗೆ ಹೋಮ್ ಥಿಯೇಟರ್ ಬಂದಿದ್ದು ಅವನ ಅಂಗಡಿಯಿಂದಲೇ. ಐದು ಪುಟ್ಟ ಸ್ಪೀಕರು, ಗುಮ್ ಎನ್ನುವ ಒಂದು ಡಬ್ಬ. ಭಾನುವಾರ ಬೆಳಿಗ್ಗೆ ಬಂದವನು ಟೇಪ್ ಹಿಡಿದು ಹಾಲ್ ಅಳೆದ. ಸೋಫಾ ಸರಿಯಾಗಿ ನಡುವೆ ಇರಬೇಕು. ಸರೌಂಡ್ ಸ್ಪೀಕರು ಎರಡೂ ಅಕ್ಕಪಕ್ಕದ ಗೋಡೆಯಲ್ಲಿ, ಕೂತವರ ಕಿವಿಗಿಂತ ಒಂದಡಿ ಮೇಲೆ, ಒಂಚೂರು ಹಿಂದಕ್ಕೆ. ಎರಡಕ್ಕೂ ಸಮ ದೂರ. ತಪ್ಪಿದರೆ ಎಫೆಕ್ಟ್ ಬರುವುದಿಲ್ಲ. ಇದೆಲ್ಲ ಡಬ್ಬದ ಜೊತೆ ಬಂದ ಪುಸ್ತಕದಲ್ಲೇ ಇದೆ.

“ಅಯ್ಯೋ, ಮರ್ತೇಬುಟ್ಟಿದ್ದೆ ಅತ್ಗೆ,” ಎಂದ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, “ಬುಡಿ, ನಿಮ್ಗೆ ಟಿವಿ ಸ್ಪೀಕ್ರೇ ಸಾಕು. ಇದು ಅಣ್ಣಂಗಿರ್ಲಿ.”

ನಮ್ಮ ಮನೆಯವರು ಅಲ್ಲೇ ಇದ್ದರು. ರಿಮೋಟ್ ತಿರುಗಿಸಿ ನೋಡುತ್ತಾ, “ಅಡ್ಜಸ್ಟ್ ಮಾಡ್ಕೊ ಜಯಾ,” ಎಂದರು.

ಅಡ್ಜಸ್ಟ್! ನಾನು ಏಳನೇ ವಯಸ್ಸಿನಿಂದ ಬೇರೇನು ಮಾಡಿದ್ದೇನೆ?

ಹೆಮ್ಮರಗಾಲದ ನನ್ನ ತವರುಮನೆಯಲ್ಲಿ ಆ ವರ್ಷ ನನಗೆ ಕಿವಿ ಸೋರುತ್ತಿತ್ತು. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಕಿವಿ ಹೋಗಿತ್ತು. ಅವತ್ತಿನಿಂದ ನನ್ನ ಬದುಕೆಲ್ಲ ಎಡತುದಿಯಲ್ಲಿ. ಕ್ಲಾಸಿನಲ್ಲಿ ಬೆಂಚಿನ ಎಡತುದಿ. ಬಸ್ಸಿನಲ್ಲಿ ಎಡಗಡೆಯ ಕಿಟಕಿ. ಕಚೇರಿಯ ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಹೋಗಿ ಸಾಲಿನ ಎಡಗಡೆಯ ಕುರ್ಚಿ ಹಿಡಿಯುತ್ತೇನೆ. (ಸಾಹೇಬರು ನನ್ನನ್ನು ಭಾರಿ ಶಿಸ್ತಿನವಳು ಎಂದುಕೊಂಡಿದ್ದಾರೆ.) ಹೆಂಡತಿ ಗಂಡನ ಎಡಗಡೆ ಕೂರಬೇಕು ಎಂದು ಶಾಸ್ತ್ರ ಮಾಡಿದವರು ಯಾರೋ ಗೊತ್ತಿಲ್ಲ, ನನಗೆ ಅನುಕೂಲವಾಯಿತು.

ಮನೆಮಂದಿ ಬಿಟ್ಟು ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಒಂದೋ ಅಯ್ಯೋ ಪಾಪ ಎನ್ನುತ್ತಾರೆ, ಇಲ್ಲವೇ ಕಿರುಚಿ ಮಾತಾಡಲು ಶುರು ಮಾಡುತ್ತಾರೆ. ಎರಡೂ ಬೇಡ ಎಂದು ನಾನೇ ಸರಿದು, ನಾನೇ ತಿರುಗಿ, ನಾನೇ ಊಹಿಸಿಕೊಂಡು ಇಷ್ಟು ವರ್ಷ ನಿಭಾಯಿಸಿದ್ದೆ. ಆದರೆ ನನ್ನ ಮನೆಯ ಹಾಲಿನಲ್ಲೂ ಸರಿದು ಕೂರಬೇಕೇ? ‘ಇದು ನಿಮಗಲ್ಲ’ ಎನ್ನಿಸಿಕೊಳ್ಳಬೇಕೇ?

ಸಿದ್ದರಾಜು ಊರಿಗೆ ಹೋದ. ಸೋಮವಾರ ಸಂಜೆ ಕಚೇರಿಯಿಂದ ಬಂದವಳೇ ಸೀರೆ ಸೆರಗು ಸಿಕ್ಕಿಸಿ ಸೋಫಾ ತಳ್ಳಿದೆ. ಎಡಗೋಡೆಗೆ ಅಂಟುವವರೆಗೂ ತಳ್ಳಿದೆ. ಈಗ ಇಡೀ ಹಾಲು ನನ್ನ ಬಲಕ್ಕೆ ಬಂತು. ಎಡಗಡೆಯ ಸ್ಪೀಕರು ಬಿಚ್ಚಿ ಒಂದು ಸ್ಟೂಲಿನ ಮೇಲಿಟ್ಟೆ. ಅದೇ ಹೆಲಿಕಾಪ್ಟರ್ ಡಿಸ್ಕ್ ಹಾಕಿದೆ. ಸ್ಟೂಲು ಅರ್ಧ ಅಡಿ ಸರಿಸುವುದು, ಬಂದು ಕೂರುವುದು, ಕೇಳುವುದು, ಮತ್ತೆ ಏಳುವುದು. ವಾರವೆಲ್ಲ ಇದೇ ಕೆಲಸ. ಸಾರಿಗೆ ಎರಡು ದಿನ ಉಪ್ಪು ಮರೆತೆ.

ಶುಕ್ರವಾರ ಸಿಕ್ಕಿತು. ಎಡಗಡೆಯ ಸ್ಪೀಕರು ಹಿಂದಿನ ಗೋಡೆಗೆ ಬರಬೇಕು, ನನ್ನ ಬಲಹೆಗಲಿನ ಹಿಂದೆ. ಬಲಗಡೆಯದು ಅದರ ಗೋಡೆಯಲ್ಲೇ ಇರಲಿ. ರಿಮೋಟಿನಲ್ಲಿ ಹಿಂದಿನದರ ಸೌಂಡು ಮಾತ್ರ ಎರಡು ಪಾಯಿಂಟ್ ಹೆಚ್ಚು. ಹೆಲಿಕಾಪ್ಟರು ಎತ್ತ ಹೋಯಿತು ಎಂದು ಈಗಲೂ ನನಗೆ ಗೊತ್ತಾಗುವುದಿಲ್ಲ. ಒಂದೇ ಕಿವಿಗೆ ದಿಕ್ಕು ಗೊತ್ತಾಗುವುದು ಕಷ್ಟ. ಆದರೆ ಕಂಬಳಿ ಬೀಳಲಿಲ್ಲ. ಕೊನೆಯವರೆಗೂ ಕೇಳಿತು. ಅದರ ಹಿಂದೆ ನಾಯಿ ಬೊಗಳುವ ಸದ್ದೂ ಇತ್ತು! ವಾರವೆಲ್ಲ ಅದೇ ಡಿಸ್ಕ್ ಹಾಕಿದ್ದೇನೆ, ಆ ನಾಯಿ ಅವತ್ತೇ ಕೇಳಿದ್ದು.

ನಾಯಿ ಬೊಗಳಿತೆಂದು ನಾನು ಕುಣಿದದ್ದನ್ನು ನಮ್ಮ ಮನೆಯವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು.

“ಅದು ಮೊದ್ಲು ಕೇಳ್ತಿರ್ಲಿಲ್ವಾ ನಿಂಗೆ?”

“ಇಲ್ಲ.”

“ಇನ್ನೇನೇನ್ ಕೇಳ್ಸಲ್ಲ?”

ಮದುವೆಯಾಗಿ ಹದಿನಾಲ್ಕು ವರ್ಷ. ಈ ಪ್ರಶ್ನೆ ಮೊದಲ ಸಲ ಬಂತು. ಪಟ್ಟಿ ಹೇಳಿದೆ. ಎಡಗಡೆಯ ಒಲೆಯ ಮೇಲಿಟ್ಟ ಹಾಲು ಉಕ್ಕುವುದು ಕೇಳಿಸುವುದಿಲ್ಲ. ರಸ್ತೆಯಲ್ಲಿ ಯಾರಾದರೂ ಕೂಗಿದರೆ ಎತ್ತ ತಿರುಗಬೇಕೋ ತಿಳಿಯುವುದಿಲ್ಲ. ಬಲಮಗ್ಗುಲಲ್ಲಿ ಮಲಗಿದರೆ ನೀವು ಹೇಳುವುದು ಒಂದೂ ಕೇಳಿಸುವುದಿಲ್ಲ.

“ಕೋಪ ಬಂದು ಸುಮ್ನಿರ್ತೀಯಾ ಅನ್ಕೊಂಡಿದ್ದೆ,” ಎಂದರು.

“ಕೆಲವು ಸಲ ಅದೂ ಇತ್ತು,” ಎಂದೆ.

ಅವರು ಮಾರನೇ ದಿನ ಕೆಲಸದಿಂದ ಬರುವಾಗ ಯಾರದೋ ಡ್ರಿಲ್ಲಿಂಗ್ ಮಿಷಿನ್ ತಂದರು. ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಗೇ ತೂತು ಹೊಡೆದರು.

ಎರಡು ವಾರ ಬಿಟ್ಟು ಸಿದ್ದರಾಜು ಬಂದ. ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತ.

“ಇದೇನತ್ಗೆ ಇದು! ಎಡಗಡೇದ ತಂದು ಇಂದ್ಗಡೆ ಮಡಗಿದೀರಿ! ನೋಡ್ದೋರು ನನ್ನ ಕೆಲ್ಸ ಅನ್ಕೊಳಲ್ವಾ?”

“ಅತ್ಗೆ ಮಡಗಿದ್ದು ಅಂತ ಹೇಳು.”

“ಪುಸ್ತಕ್ದಲ್ಲಿ ಏನದೆ ನೋಡಿದ್ರಾ?”

ನೋಡಿದ್ದೆ. ತಂದು ಅವನ ಮುಂದೆ ಬಿಡಿಸಿ ಹಿಡಿದೆ. ಚಿತ್ರದಲ್ಲಿ ನಡುವಿನ ಸೋಫಾ ಮೇಲೆ ಒಬ್ಬ ಗಂಡಸು ಕೂತಿದ್ದಾನೆ. ಕಣ್ಣು, ಮೂಗು, ಬಾಯಿ ಏನೂ ಇಲ್ಲ. ಎರಡು ಕಿವಿಗಳನ್ನು ಮಾತ್ರ ಚೆನ್ನಾಗಿ ಬರೆದಿದ್ದಾರೆ.

“ಇವನು ಯಾರಪ್ಪ? ನಮ್ಮ ಮನೇಲಿ ಇದಾನಾ? ಈ ಮನೇಲಿರೋದು ನಾನು.”

“ಒಬ್ರಿಗೋಸ್ಕರ ಎಲ್ಲಾರ್ದೂ ಕೆಡ್ಸದಾ ಅತ್ಗೆ?”

ಎಲ್ಲಾರೂ ಎಂದರೆ ಯಾರು? ನಾವಿರುವುದು ಇಬ್ಬರು. ಇಬ್ಬರ ಮನೆಯಲ್ಲಿ ನಾನೊಬ್ಬಳೇ ಹೇಗೆ ‘ಒಬ್ರು’ ಆದೆ? ಹಾಗೆಯೇ ಕೇಳಿದೆ. ಅವನು ಅಣ್ಣನ ಮುಖ ನೋಡಿದ.

“ನಂಗೇನೂ ಕೆಟ್ಟಿಲ್ಲ ಕಣೋ, ಚೆನ್ನಾಗೇ ಕೇಳ್ತದೆ,” ಎಂದರು ನಮ್ಮ ಮನೆಯವರು. “ಕೈಕಾಲು ತೊಳ್ಕೊ ಓಗು, ಊಟ ಮಾಡನ.”

ಊಟ ಮಾಡಿದ. ಹೊರಡುವ ಮೊದಲು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಲಿನ ನಟ್ಟನಡುವೆ ಹಾಕಿಕೊಂಡು ಐದು ನಿಮಿಷ ಕೂತು, “ಇಲ್ಲ, ತಪ್ಪು” ಎಂದು ತೀರ್ಪು ಕೊಟ್ಟು ಬಸ್ಸಿಗೆ ಹೋದ. ಈಗಲೂ ಅವನ ಅಭಿಪ್ರಾಯ ಬದಲಾಗಿಲ್ಲ. ಬದಲಾಗಲಿ ಎಂದು ನಾನು ಕಾದೂ ಇಲ್ಲ.

ಸುಮ್ಮನಿದ್ದಾನೆಯೇ? ನೆಂಟರಿಗೆಲ್ಲ ಹೇಳಿದ್ದಾನೆ. ಹದಿನಾರು ಎಂಬ ಊರಿನಲ್ಲಿ ಒಂದು ಮದುವೆಗೆ ಹೋದರೆ, ಊಟದ ಎಲೆಯ ಮುಂದೆ ಮೂರು ಜನ ಕೇಳಿದರು: “ಅದೇನೋ ಒಳ್ಳೆ ಸೆಟ್ಟು ತಂದು ಕೆಡಿಸ್ಬುಟ್ರಂತಲ್ಲ, ಯಾಕ್ರವ್ವ?” ಮೊದಲಾಗಿದ್ದರೆ ನಕ್ಕು ಮಾತು ಮರೆಸುತ್ತಿದ್ದೆ. ಅವತ್ತು ಮೂವರಿಗೂ ಹೇಳಿದೆ. ನನಗೆ ಎಡಗಿವಿ ಕೇಳುವುದಿಲ್ಲ, ಅದಕ್ಕೇ ಹಾಗೆ ಇಟ್ಟಿದ್ದೇನೆ. ಒಬ್ಬಾಕೆ ಅಯ್ಯೋ ಪಾಪ ಎಂದಳು. “ಪಾಪ ಏನಿಲ್ಲ, ಈಗ ನಾಯಿ ಬೊಗಳಿದ್ದೂ ಕೇಳುತ್ತೆ” ಎಂದು ಹೋಳಿಗೆ ಹಾಕಿಸಿಕೊಂಡೆ.

ಓದುಗರೇ, ಇಷ್ಟು ವರ್ಷ ಈ ಅಂಕಣದಲ್ಲಿ ನನ್ನ ಮನೆಯ ಸಾಸಿವೆ ಸಿಡಿದದ್ದನ್ನೂ ಬರೆದಿದ್ದೇನೆ. ಈ ಕಿವಿಯ ಸುದ್ದಿ ನಿಮಗೂ ಹೇಳಿರಲಿಲ್ಲ. ಬಜಾರಿನಲ್ಲಿ ಕರೆದರೂ ತಿರುಗಲಿಲ್ಲ, ಬರೆಯುವವಳೆಂದು ಕೊಬ್ಬು ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದು ನನ್ನ ಒಳ್ಳೆಯ ಕಿವಿಗೆ ಬಿದ್ದಿದೆ. ಅವತ್ತು ನೀವು ನನ್ನ ಎಡಗಡೆ ಇದ್ದಿರಿ.

ಈಗ ಎಲ್ಲರಿಗೂ ಗೊತ್ತಾಯಿತಲ್ಲ. ನಮ್ಮ ಮನೆಯ ಸ್ಪೀಕರು ತಪ್ಪು ಜಾಗದಲ್ಲಿದೆ ಎನ್ನುವವರು ಧಾರಾಳವಾಗಿ ಬನ್ನಿ, ನನ್ನ ಬಲಗಡೆ ಕೂತು ಹೇಳಿ.