ಮೀಸೆ ಇದ್ದ ಹಮ್ಮಿಂಗ್‌ಬರ್ಡ್

ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ಆ ಮನೆಯ ಹಿತ್ತಿಲಗೋಡೆಯ ಬಿರುಕಿನಲ್ಲಿ ಕೆಂಪು ವಲೇರಿಯನ್ ಹೂವು ತನ್ನಷ್ಟಕ್ಕೆ ತಾನೇ ಬೆಳೆದಿತ್ತು. ಜೂನ್ ತಿಂಗಳ ಒಂದು ಸಂಜೆ ಬಟ್ಟೆ ಒಣಹಾಕುತ್ತಿದ್ದ ಲವೀನಾ, ಆ ಹೂವಿನ ಮುಂದೆ ಬೆರಳುದ್ದದ ಜೀವವೊಂದು ಗಾಳಿಯಲ್ಲೇ ನಿಂತು ಮಕರಂದ ಹೀರುವುದನ್ನು ಕಂಡು ಮಗಳನ್ನು ಮೆಲ್ಲಗೆ ಕರೆದಳು.

"ಶೆರಿನ್, ಬೇಗ ಬಾ. ಹಮ್ಮಿಂಗ್‌ಬರ್ಡ್ ಬಂದಿದೆ ನೋಡು."

ಅವಳ ಊರಾದ ಕಾರ್ಕಳದಲ್ಲಿ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಮನೆಯವರೆಲ್ಲ ಹಮ್ಮಿಂಗ್‌ಬರ್ಡ್ ಎಂದೇ ಕರೆಯುತ್ತಿದ್ದರು. ಹೂವಿನೆದುರು ರೆಕ್ಕೆ ಬಡಿಯುತ್ತ ನಿಲ್ಲುವ ಪ್ರಾಣಿಗೆ ಅವಳಿಗೆ ಗೊತ್ತಿದ್ದ ಹೆಸರು ಅದೊಂದೇ.

ಮರುದಿನ ಶೆರಿನ್ ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದಳು. ಅಲ್ಲಿಯ ಮಕ್ಕಳಂತೆ ಅವಳೂ ಅಮ್ಮನನ್ನು ಮ್ಯಾಮ್ ಎಂದೇ ಕರೆಯುತ್ತಿದ್ದಳು.

"ಎಲ್ಲರೂ ನಕ್ಕರು, ಮ್ಯಾಮ್. ಐರ್ಲೆಂಡಲ್ಲಿ ಹಮ್ಮಿಂಗ್‌ಬರ್ಡೇ ಇಲ್ವಂತೆ. ದೇ ಥಿಂಕ್ ಐ ಮೇಡ್ ಇಟ್ ಅಪ್."

ಇನ್ನೆರಡು ವಾರಕ್ಕೆ ಶಾಲೆ ಮುಗಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಅವಳು ಸೇರುವ ಹೈಸ್ಕೂಲಿಗೆ ಅದೇ ಮಕ್ಕಳು ಬರುವವರು. ಸುಳ್ಳುಗಾತಿ ಎಂಬ ಹೆಸರೂ ಜೊತೆಗೇ ಬರುತ್ತದೆಯಲ್ಲ ಎಂದು ಲವೀನಾಗೆ ಊಟ ಸೇರಲಿಲ್ಲ. ಬೀರುವಿನ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಹಳೇ ಕ್ಯಾಮೆರಾ ಮತ್ತು ಫ್ಲ್ಯಾಶ್ ಹೊರತೆಗೆದಳು.

"ಬಿಡು ಮಾರಾಯ್ತಿ. ಹಕ್ಕಿಯನ್ನ ಕರ್ಕೊಂಡೋಗಿ ಸಾಕ್ಷಿ ಹೇಳಿಸ್ತೀಯಾ?" ಎಂದ ಗಂಡ ಜೋಯಲ್.

"ನನ್ನ ಮಾತು ನಂಬಿ ಅವಳು ಅಲ್ಲಿ ಹೇಳಿದ್ದು. ಸುಮ್ನಿರೋಕಾಗುತ್ತಾ?"

ಈಗ ನರ್ಸಿಂಗ್ ಹೋಮಿನಲ್ಲಿ ವಯಸ್ಸಾದವರ ಆರೈಕೆ ಮಾಡುವ ಲವೀನಾ ಒಂದು ಕಾಲದಲ್ಲಿ ಅಪ್ಪನ ಫೋಟೋ ಸ್ಟುಡಿಯೋದ ಬಲಗೈ. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ, ಗಂಡಸರು ಕ್ಯಾಮೆರಾ ಹಿಡಿದು ಬಂದರೆ ಹೆಂಗಸರಿಗೆ ಸಂಕೋಚ. ಹಾಗಾಗಿ ಊರಿನ ಕ್ರೈಸ್ತರ ಮನೆಗಳಿಗೆಲ್ಲ ಅವಳೇ ಹೋಗುತ್ತಿದ್ದಳು. ಅಪ್ಪ ಕಲಿಸಿದ ಪಾಠ ಒಂದೇ: "ಫ್ಲ್ಯಾಶ್ ಫುಲ್ ಇಡು. ಮದುಮಗಳ ಮುಖ ಕಪ್ಪಾದ್ರೆ ಆಲ್ಬಮ್ ವಾಪಸ್ ಬರುತ್ತೆ."

ಶನಿವಾರ ಬೆಳಿಗ್ಗೆ ಅವಳು ಫ್ಲ್ಯಾಶನ್ನು ಫುಲ್ ಇಟ್ಟುಕೊಂಡೇ ಗೋಡೆಯ ಮುಂದೆ ಮುಕ್ಕಾಲಿಯ ಮೇಲೆ ಕುಳಿತಳು. ಅದು ಬಂತು, ಬೆಳಕು ಸಿಡಿಯಿತು, ಮಾಯವಾಯಿತು. ಮತ್ತೆ ಬಂತು, ಮತ್ತೆ ಹಾರಿತು. ಫೋಟೋದಲ್ಲಿ ಮೈಯೇನೋ ಬೆಳ್ಳಗೆ ಹೊಳೆಯುತ್ತಿತ್ತು, ರೆಕ್ಕೆಗಳಿರಬೇಕಾದ ಕಡೆ ಮಾತ್ರ ಬಿಸಿ ಗಂಜಿಯ ಹಬೆಯಂಥ ಮಸುಕು. ಇದನ್ನು ತೋರಿಸಿದರೆ ಮಕ್ಕಳು ಇನ್ನಷ್ಟು ನಗುತ್ತಾರೆ.

ಪಾಪ, ಇದು ಮದುಮಗಳಲ್ಲ, ಇಷ್ಟು ಬೆಳಕನ್ನು ಮುಖಕ್ಕೆ ಎರಚಿದರೆ ಹೆದರದೆ ಇನ್ನೇನು ಮಾಡೀತು ಎನಿಸಿತು ಅವಳಿಗೆ. ಫ್ಲ್ಯಾಶಿನ ಶಕ್ತಿಯನ್ನು ತೀರಾ ಕೆಳಕ್ಕಿಳಿಸಿದಳು. ಆಗ ಫೋಟೋ ಕತ್ತಲಾಗುತ್ತದೆಂದು ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಉದ್ದ ವೈರು ಹಾಕಿ, ಹೂವಿನಿಂದ ಗೇಣು ದೂರದಲ್ಲಿ ಕೋಲಿಗೆ ಕಟ್ಟಿದಳು. ಎದುರು ಬದಿಗೆ ಮೀನು ತಂದಿದ್ದ ಥರ್ಮೊಕೋಲ್ ಡಬ್ಬದ ಮುಚ್ಚಳ ನಿಲ್ಲಿಸಿ ಬೆಳಕು ಮರಳುವಂತೆ ಮಾಡಿದಳು. ಹಿಂದೆ ನೀಲಿ ದಿಂಬಿನ ಚೀಲ ತೂಗುಹಾಕಿ, ಬಿಸಿಲು ಬೀಳದಂತೆ ಜೋಯಲ್‌ನ ಕರೀ ಕೊಡೆ ಬಿಡಿಸಿಟ್ಟಳು. ಆಮೇಲೆ ಜಪಸರ ಹಿಡಿದು ಕುಳಿತಳು. ಮಣಿಗಳ ಮೇಲೆ ಬೆರಳು ಓಡುತ್ತಿದ್ದರೆ ಮಿಕ್ಕ ಮೈಯೆಲ್ಲ ತಾನೇ ಸ್ಥಿರವಾಗುತ್ತಿತ್ತು.

ಅದು ಬಂತು. ಬೆಳಕು ಮಿನುಗಿದ್ದು ಅದಕ್ಕೆ ಗೊತ್ತೇ ಆಗಲಿಲ್ಲವೇನೋ, ಒಂದು ಹೂವಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯಿತು.

ಲವೀನಾ ಕ್ಯಾಮೆರಾದ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕಿತ್ತಳೆ ಬಣ್ಣದ ರೆಕ್ಕೆಗಳು ಅಂಚಿನ ನವಿರಿನ ಸಮೇತ ನಿಂತುಬಿಟ್ಟಿದ್ದವು. ಬೆಳಕು ಕಡಿಮೆಯಾದಷ್ಟೂ ಅದು ಹೊತ್ತಿ ಆರುವ ಗಳಿಗೆಯೂ ಚಿಕ್ಕದಾಗುತ್ತದೆ, ಅಷ್ಟು ಚಿಕ್ಕ ಗಳಿಗೆಯಲ್ಲಿ ರೆಕ್ಕೆ ಅಲುಗಲಾರದು. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದ ವಸ್ತುವಿನ ಈ ಗುಣ ಅವಳಿಗೆ ತಿಳಿದದ್ದು ಅಂದೇ.

ಜೋಯಲ್ ಬಗ್ಗಿ ನೋಡಿದ. "ಅಲ್ಲ ಕಣೇ, ನಿನ್ನ ಹಕ್ಕಿಗೆ ಮೀಸೆ ಇದ್ಯಲ್ಲ."

ನಿಜ. ತಲೆಯ ಮೇಲೆ ಎರಡು ಕುಡಿಮೀಸೆ. ಕೊಕ್ಕೆಂದುಕೊಂಡದ್ದು ದಾರದಂಥ ನಾಲಿಗೆ. ಅದು ಹಕ್ಕಿಯಲ್ಲ, ಪತಂಗ. ಶೆರಿನ್ ಮುಖ ಸಪ್ಪೆಯಾಯಿತು. ಫೋನಿನಲ್ಲಿ ಹುಡುಕಿದವಳು ತುಸು ಹೊತ್ತಿಗೆ ಚಿಗುರಿದಳು. "ಮ್ಯಾಮ್, ಇದರ ಹೆಸರೇ ಹಮ್ಮಿಂಗ್‌ಬರ್ಡ್ ಹಾಕ್‌ಮಾತ್. ಸ್ಪೇನ್ ಕಡೆಯಿಂದ ಸಮುದ್ರ ದಾಟಿ ಬರುತ್ತಂತೆ. ನಾನು ಹೇಳಿದ್ದು ಇದನ್ನೇ ಅಂತೀನಿ. ಇಟ್ಸ್ ಗ್ರ್ಯಾಂಡ್, ಎಲ್ಲ ಸರಿಹೋಗುತ್ತೆ."

"ಬೇಡ ಮಗಳೇ. ಅಮ್ಮ ಹಕ್ಕಿ ಅಂದಿದ್ರು, ಅದು ತಪ್ಪು, ಇದು ಪತಂಗ ಅಂತ್ಲೇ ಹೇಳು. ಕಂಡಿದ್ದಂತೂ ನಿಜ ತಾನೇ? ಅಷ್ಟು ಸಾಕು."

ಸೋಮವಾರ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಮಗಳನ್ನು ಕರೆತರಲು ಹೋದ ಲವೀನಾ ತರಗತಿಯ ಬಾಗಿಲಲ್ಲಿ ನಿಂತಳು. ಗೋಡೆಗೆ ಅಂಟಿಸಿದ್ದ ಫೋಟೋದ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಶೆರಿನ್ ಎರಡೂ ಕೈಗಳನ್ನು ಗೇಣು ದೂರ ಹಿಡಿದು, ಫ್ಲ್ಯಾಶ್ ಎಷ್ಟು ಹತ್ತಿರವಿರಬೇಕೆಂದು ತೋರಿಸುತ್ತಿದ್ದಳು. ಮೊದಲು ಹಕ್ಕಿಯೆಂದು ತಪ್ಪು ತಿಳಿದದ್ದನ್ನೂ ಹೇಳಿದಳು. ಯಾರೂ ನಗಲಿಲ್ಲ. ರೆಕ್ಕೆಗಳನ್ನು ಹೀಗೆ ಹಿಡಿದವರು ಯಾರು ಎಂದು ಟೀಚರ್ ಕೇಳಿದರು.

"ಮೈ ಮ್ಯಾಮ್. ಶೀಸ್ ಎ ಫೋಟೋಗ್ರಾಫರ್."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಲವೀನಾ ಮಗಳ ಮಾತನ್ನು ತಿದ್ದಲಿಲ್ಲ.